ಹಾಲಸಿದ್ದಪ್ಪ ಶಾರ್ಜಾಕ್ಕೆ ಒಯ್ದ ಕೋಟು

ನಾಗಪುರದ ಸದರ್‌ನಲ್ಲಿ, ಇಗರ್ಜಿಯ ಎದುರು ಸಾಲಿನಲ್ಲಿ, ಎರಡು ಮೊಬೈಲ್ ಅಂಗಡಿಗಳ ನಡುವೆ ಹೊಟ್ಟೆ ಒಳಗೆಳೆದುಕೊಂಡು ನಿಂತ ಹಾಗೆ ಒಂದು ದರ್ಜಿ ಅಂಗಡಿ ಇದೆ. ಬೋರ್ಡಿನ ಮೇಲೆ ‘ಸಿದ್ಧ ಟೇಲರ್ಸ್’ ಎಂದು ಮರಾಠಿಯಲ್ಲಿ ದಪ್ಪಗೆ ಬರೆದು, ಅದರ ಕೆಳಗೆ ಕನ್ನಡದಲ್ಲಿ ಸಣ್ಣಗೆ ಬರೆಸಿದ್ದಾರೆ. ಆ ಕನ್ನಡ ಓದುವವರು ಇಡೀ ಸದರ್‌ನಲ್ಲಿ ಹತ್ತು ಮಂದಿ ಸಿಕ್ಕಾರೋ ಇಲ್ಲವೋ. ಆದರೂ ಪ್ರತಿ ದೀಪಾವಳಿಗೆ ಹಾಲಸಿದ್ದಪ್ಪ ಆ ಸಣ್ಣ ಅಕ್ಷರಗಳಿಗೇ ಮೊದಲು ಬಣ್ಣ ಹೊಡೆಸುತ್ತಾನೆ. ಯಾಕಪ್ಪಾ ಎಂದು ಕೇಳಿದರೆ, ದಪ್ಪ ಅಕ್ಷರ ಹೆಂಗಿದ್ರೂ ಕಾಣಸ್ತಾವ ಅನ್ನುತ್ತಾನೆ.

ಅವನಿಗೆ ಈಗ ಅರವತ್ತಾರು. ನಿಪ್ಪಾಣಿ ಕಡೆಯ ಹಳ್ಳಿಯಿಂದ ಹದಿನೇಳನೆಯ ವಯಸ್ಸಿಗೆ ಸೋದರಮಾವನ ಬೆನ್ನು ಹಿಡಿದು ಬಂದವನು, ಕಾಜಾ ಹಾಕುತ್ತ, ಗುಂಡಿ ಹಚ್ಚುತ್ತ ಮೇಲೆ ಬಂದು, ವಾಯುಸೇನೆಯವರ ಸಮವಸ್ತ್ರ ಹೊಲಿಯುವುದರಲ್ಲಿ ಹೆಸರು ಮಾಡಿದ. ಬಟ್ಟೆ ಹೊಲಿಯುವವರು ನಾಗಪುರದಲ್ಲಿ ಬೇಕಾದಷ್ಟಿದ್ದರು. ಆದರೆ ಹಾಲಸಿದ್ದಪ್ಪನ ಕಣ್ಣು ಬೇರೆಯವರಿಗೆ ಇರಲಿಲ್ಲ. ಗಿರಾಕಿ ಹೊಸ್ತಿಲ ಮೇಲೆ ಕಾಲಿಟ್ಟು ನಮಸ್ಕಾರ ಅನ್ನುವಷ್ಟರಲ್ಲಿ ಇವನ ತಲೆಯೊಳಗೆ ಎದೆ ಇಷ್ಟು, ಸೊಂಟ ಇಷ್ಟು ಎಂದು ಬರೆದು ಮುಗಿದಿರುತ್ತಿತ್ತು. ಟೇಪು ಹಿಡಿಯುತ್ತಿದ್ದದ್ದು ಗಿರಾಕಿಯ ಸಮಾಧಾನಕ್ಕೆ. ವಾಯುಸೇನೆಯ ಹುಡುಗರು ಇದರ ಮೇಲೆ ಚಹಾದ ಪಂದ್ಯ ಕಟ್ಟುತ್ತಿದ್ದರು, ಕಟ್ಟಿ ಸೋಲುತ್ತಿದ್ದರು. ಅವರೆಲ್ಲರ ಕೋಟಿನ ಒಳಹೊಲಿಗೆಯಲ್ಲಿ ಅವನು ಎರಡೆರಡು ಬೆರಳು ಬಟ್ಟೆ ಹೆಚ್ಚಿಗೆ ಮಡಚಿಟ್ಟಿರುತ್ತಿದ್ದ. ಹುಡುಗರಿಗೆ ಬಡ್ತಿ ಬಂದ ಹಾಗೆ ಹೊಟ್ಟೆಯೂ ಬರುತ್ತದೆ, ಆಗ ಹೊಲಿಗೆ ಬಿಚ್ಚಿ ಸಡಿಲ ಮಾಡಲು ಬಟ್ಟೆ ಬೇಕಲ್ಲ, ಅದಕ್ಕೆ.

ಇನ್ನೊಂದು ಅವನ ಕತ್ತರಿ. ಸೋದರಮಾವ ಕೊಟ್ಟದ್ದು, ಹಿಡಿಗೆ ಬಟ್ಟೆ ಸುತ್ತಿದ ಹನ್ನೆರಡು ಇಂಚಿನ ಭಾರದ ಕತ್ತರಿ. ದರ್ಜಿ ತನ್ನ ಕತ್ತರಿಯನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ, ಅದರಲ್ಲಿ ಕಾಗದ ಕತ್ತರಿಸುವುದಿಲ್ಲ, ಅದನ್ನು ಬಿಟ್ಟು ಊರಿಗೆ ಹೋಗುವುದಿಲ್ಲ. ಮದುವೆಯಾಗಿ ಮೂವತ್ತೆಂಟು ವರ್ಷವಾದರೂ ಹೆಂಡತಿ ಸುಶೀಲಾಬಾಯಿ ಆ ಕತ್ತರಿಯನ್ನು ಮುಟ್ಟಿರಲಿಲ್ಲ. ಒಮ್ಮೆ ದಾರದ ತುದಿ ಕತ್ತರಿಸಲು ಕೈ ಚಾಚಿದ್ದಳಂತೆ. ಎರಡು ದಿನ ಮನೆಯಲ್ಲಿ ಮಾತಿಲ್ಲ.

ಇಂಥ ಹಾಲಸಿದ್ದಪ್ಪ ಈ ವರ್ಷ ಸೋಲತೊಡಗಿದ್ದ. ಆಷಾಢದಲ್ಲಿ ಒಬ್ಬ ಪ್ರಿನ್ಸಿಪಾಲರ ಪ್ಯಾಂಟು ಒಂದೂವರೆ ಇಂಚು ಗಿಡ್ಡವಾಯಿತು. ದಸರೆಗೆ ಒಬ್ಬ ಮದುಮಗನ ಶೇರ್ವಾನಿಯ ಒಂದು ಭುಜ ಜೋತುಬಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಬಟ್ಟೆಯ ಮೇಲೆ, ಇಸ್ತ್ರಿಯ ಮೇಲೆ ತಪ್ಪು ಹಾಕುವ ಜಾತಿಯವನಲ್ಲ ಅವನು. ಕಣ್ಣು ಹೋಯಿತು ಎಂದು ತಾನೇ ತೀರ್ಮಾನ ಮಾಡಿಕೊಂಡ. ಕಾಲು ಬಾಯುತ್ತವೆ ಎಂದು ಆರು ತಿಂಗಳಿಂದ ಕತ್ತರಿಗೆ ಸಾಣೆ ಹಿಡಿಸಲೂ ಹೋಗಿರಲಿಲ್ಲ. ಧರಮಪೇಠದಲ್ಲಿ ಶಾಲಾ ಶಿಕ್ಷಕಿಯಾಗಿದ್ದ ಮಗಳು ದಾಕ್ಷಾಯಿಣಿ, ಸಾಕು ಅಪ್ಪಾ, ಅಂಗಡಿ ಬಿಟ್ಟುಬಿಡು ಅನ್ನುತ್ತಿದ್ದಳು. ಪಕ್ಕದ ಮೊಬೈಲ್ ಅಂಗಡಿಯವನು ಈ ಜಾಗವನ್ನೂ ಕೊಂಡು ನಡುವಿನ ಗೋಡೆ ಒಡೆಯಲು ತುದಿಗಾಲಲ್ಲಿ ನಿಂತಿದ್ದ. ಸಂಜೆ ಬಾತ ಪಾದಗಳನ್ನು ಬಿಸಿನೀರಲ್ಲಿ ಇಳಿಬಿಟ್ಟುಕೊಂಡು ಕೂರುವ ಗಂಡನನ್ನು ನೋಡಿ ನೋಡಿ ಸುಶೀಲಾಬಾಯಿಯೂ ಮಗಳ ಪಕ್ಷ ಸೇರಿದ್ದಳು.

ಆಗ ಬಂತು ಪೊನ್ನಪ್ಪನ ಫೋನು.

ಪೊನ್ನಪ್ಪ ಕೊಡಗಿನವನು. ಮೂವತ್ತು ವರ್ಷದ ಹಿಂದೆ ವಾಯುಸೇನೆಯಲ್ಲಿ ಕಾರ್ಪೊರಲ್ ಆಗಿ ನಾಗಪುರಕ್ಕೆ ಬಂದಿದ್ದ. ಒಂದು ದಿನ ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆ ಹಾಲಸಿದ್ದಪ್ಪನ ಬೆರಳು ಸುಟ್ಟಿತು, ಅವನ ಬಾಯಿಂದ ಅಚ್ಚ ನಿಪ್ಪಾಣಿಯ ಬೈಗುಳವೊಂದು ಉದುರಿತು, ಹೊಸ್ತಿಲಲ್ಲಿ ನಿಂತಿದ್ದ ಪೊನ್ನಪ್ಪ ಅದನ್ನು ಕೇಳಿ ಊರವರು ಸಿಕ್ಕಷ್ಟು ಹಿಗ್ಗಿಬಿಟ್ಟ. ಅಲ್ಲಿಂದ ಗೆಳೆತನ. ಇಬ್ಬರ ಕನ್ನಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ, ಒಬ್ಬನಿಗೆ ರೊಟ್ಟಿ ಅಂದರೆ ಜೋಳ, ಇನ್ನೊಬ್ಬನಿಗೆ ಅಕ್ಕಿ. ಆದರೂ ನಾಲ್ಕು ವರ್ಷ ಒಂದು ಭಾನುವಾರ ತಪ್ಪದೆ ಇಬ್ಬರೂ ಫುಟಾಳಾ ಕೆರೆಯ ದಂಡೆಯ ಮೇಲೆ ಕೂತು ಸುಟ್ಟ ಮೆಕ್ಕೆಜೋಳದ ತೆನೆ ತಿಂದರು. ಸೇನೆ ಬಿಟ್ಟಮೇಲೆ ಪೊನ್ನಪ್ಪ ಶಾರ್ಜಾದಲ್ಲಿ ವಿಮಾನದ ಬಿಡಿಭಾಗಗಳ ಗೋದಾಮಿನಲ್ಲಿ ಕೆಲಸಕ್ಕೆ ಸೇರಿ ಹೆಂಡತಿ ಚಂಪಾಳೊಂದಿಗೆ ಅಲ್ಲೇ ನೆಲೆಯಾಗಿದ್ದ. ಅವನನ್ನು ಕಣ್ಣಾರೆ ಕಂಡು ಹನ್ನೆರಡು ವರ್ಷವಾಗಿತ್ತು.

ಫೋನಿನ ಸಾರಾಂಶ ಇಷ್ಟು. ಅಲ್ಲಿರುವ ಮಾಜಿ ವಾಯುಸೇನೆಯವರು ವರ್ಷಕ್ಕೊಮ್ಮೆ ಸೇರಿ ಊಟ ಮಾಡುತ್ತಾರೆ. ಈ ಸಲ ಪೊನ್ನಪ್ಪನೇ ಅಧ್ಯಕ್ಷ. ನೀಲಿ ಬ್ಲೇಜರ್ ಕೋಟು ಬೇಕೇ ಬೇಕು, ಅದನ್ನು ಹಾಲಸಿದ್ದಪ್ಪನೇ ಹೊಲಿಯಬೇಕು, ಹೊಲಿದು ತಾನೇ ತರಬೇಕು. ಶುಕ್ರವಾರ ಬರುವುದು, ಭಾನುವಾರ ಹೋಗುವುದು. ಟಿಕೆಟ್ಟು ಆಗಲೇ ಆಗಿದೆ, ವೀಸಾ ತಾನೇ ಮಾಡಿಸುತ್ತಾನೆ. ಅಳತೆ? ಅದೇ ಹಳೆಯದು ಮಾರಾಯ, ಎದೆ ಮೂವತ್ತೆಂಟು, ಸೊಂಟ ಮೂವತ್ನಾಲ್ಕು, ಟೇಪು ಹಿಡಿದು ನೋಡಿಯೇ ಹೇಳುತ್ತಿದ್ದೇನೆ ಎಂದ ಪೊನ್ನಪ್ಪ. ವಿಡಿಯೋದಲ್ಲಿ ಅವನ ಮೀಸೆಯಿಂದ ಮೇಲಿನದಷ್ಟೇ ಕಾಣುತ್ತಿತ್ತು. ಇತ್ತೀಚೆಗೆ ಯಾವಾಗ ಮಾತಾಡಿದರೂ ಅಷ್ಟೇ ಕಾಣುತ್ತಿತ್ತು.

ಅಂದು ಮಹಾಲ್‌ನ ಓಣಿಯೊಂದರ ಹಳೆಯ ವಾಡೆಯೊಳಗಿನ ತಮ್ಮ ಎರಡು ಕೋಣೆಯ ಮನೆಯಲ್ಲಿ ಝುಣಕಾ ಭಾಕ್ರಿ ತಿನ್ನುತ್ತ ಹಾಲಸಿದ್ದಪ್ಪ ಹೆಂಡತಿಗೆ ಒಂದು ಮಾತು ಕೊಟ್ಟ.

“ಇದು ಕಡೀ ಪರೀಕ್ಷಾ. ಪೊನ್ನಪ್ಪನ ಮೈಮ್ಯಾಲೆ ಈ ಕೋಟು ಬರೋಬರ್ ಕೂತ್ರ ಅಂಗಡಿ ಇರ್ತೈತಿ. ಕೂಡಲಿಲ್ಲಂದ್ರ ಬಂದ ದಿನಾನ ಕೀಲಿ ನಿನ್ನ ಕೈಯಾಗ ಇಡ್ತೀನಿ. ಮತ್ತ ಆ ಮಾತ ನೀನೂ ತಗಿಯಂಗಿಲ್ಲ, ನಾನೂ ತಗಿಯಂಗಿಲ್ಲ.”

ಸುಶೀಲಾಬಾಯಿ ಆಗಲಿ ಎಂದಳು. ಗಂಡ ಕೊಟ್ಟ ಮಾತು ತಪ್ಪುವವನಲ್ಲ ಎಂದು ಅವಳಿಗೆ ಗೊತ್ತು. ಅಂಗಡಿಯ ಕೀಲಿ ಅವನ ಉಡಿದಾರದಲ್ಲಿ ನಲವತ್ತು ವರ್ಷದಿಂದ ಇತ್ತು. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ.

ಇಪ್ಪತ್ತು ದಿನ ಆ ಕೋಟಿನ ಮುಂದೆ ಕೂತ. ಗೆರೆ ಎಳೆದು ಅಳಿಸಿದ, ಅಳಿಸಿ ಎಳೆದ, ಒಂದೊಂದು ಬೆರಳಷ್ಟೇ ನಿಧಾನಕ್ಕೆ ಕತ್ತರಿಸಿದ. ಅಭ್ಯಾಸದಂತೆ ಒಳಗೆ ಎರಡು ಬೆರಳು ಬಟ್ಟೆ ಮಡಚಿದ, ಪೊನ್ನಪ್ಪನ ಅಳತೆ ಮೂವತ್ತು ವರ್ಷದಿಂದ ಬದಲಾಗದ ಮೇಲೆ ಅದರ ಅಗತ್ಯವೇನೂ ಇಲ್ಲದಿದ್ದರೂ. ಬೀರುವಿನಲ್ಲಿ ಬೇವಿನ ಎಲೆಯ ಜೊತೆ ಮಲಗಿದ್ದ ಪಾಸ್‌ಪೋರ್ಟು ಹೊರಗೆ ಬಂತು. ಸಂತ್ರಾ ಬರ್ಫಿಯ ಎರಡು ಡಬ್ಬಿ ಚೀಲ ಸೇರಿದವು. ಶುಕ್ರವಾರ ಬೆಳಿಗ್ಗೆ ವಿಮಾನ ನಿಲ್ದಾಣದ ಗಾಜಿನ ಬಾಗಿಲಿನವರೆಗೆ ಸುಶೀಲಾಬಾಯಿ ಬಂದು ಬಿಟ್ಟಳು.

ಬಿಟ್ಟು ಅರ್ಧ ಗಂಟೆಯಾಗಿರಲಿಲ್ಲ, ಹಾಲಸಿದ್ದಪ್ಪ ಒಬ್ಬ ಪೊಲೀಸಮ್ಮನ ಜೊತೆ ಅದೇ ಬಾಗಿಲಿಗೆ ವಾಪಸ್ಸು ಬಂದ. ಆಗಿದ್ದೇನೆಂದರೆ, ಕತ್ತರಿ ಬಿಟ್ಟು ಊರಿಗೆ ಹೋಗದ ಪುಣ್ಯಾತ್ಮ ಅದನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದ. ಕೋಟೂ ಅದೇ ಚೀಲದಲ್ಲಿ. ತಪಾಸಣೆಯ ಯಂತ್ರದ ಪರದೆಯ ಮೇಲೆ ಹನ್ನೆರಡು ಇಂಚಿನ ಕತ್ತರಿ ಬಾಯಿ ತೆರೆದುಕೊಂಡು ಕಂಡಾಗ ಅಲ್ಲಿದ್ದವರು ಹೌಹಾರಿದರು. ನಾನು ದರ್ಜಿ, ಇದು ನನ್ನ ಕೈ ಇದ್ದಂಗ ಎಂದು ಇವನು ಮರಾಠಿಯಲ್ಲಿ ಹೇಳಿದ. ಪಾಪ, ಆ ಪೊಲೀಸಮ್ಮ ಒಳ್ಳೆಯವಳು. ಕಸದ ಡಬ್ಬಿಗೆ ಹಾಕುವ ಬದಲು, ಮನೆಯವರಿದ್ದರೆ ಕೊಟ್ಟುಬನ್ನಿ ಕಾಕಾ ಎಂದು ತಾನೇ ಕರೆದುಕೊಂಡು ಬಂದಳು.

ಸುಶೀಲಾಬಾಯಿ ಆಟೋ ಹತ್ತದೆ ಇನ್ನೂ ಅಲ್ಲೇ ನಿಂತಿದ್ದಳು. ಕತ್ತರಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಹುಟ್ಟುತ್ತದೆ ಎಂಬ ಮಾತುಂಟು. ಹಾಲಸಿದ್ದಪ್ಪ ಅದನ್ನು ಕರವಸ್ತ್ರದಲ್ಲಿ ಸುತ್ತಿ ಬಾಗಿಲ ಪಕ್ಕದ ಕಬ್ಬಿಣದ ಕಟಾಂಜನದ ಮೇಲಿಟ್ಟ. ಅವಳು ಎತ್ತಿಕೊಂಡಳು. ಮೊದಲ ಸಲ ಅದರ ಭಾರ ಅವಳ ಕೈಗೆ ಗೊತ್ತಾಯಿತು. ಇವನು ಒಳಗೆ ಹೋದ, ಶಕುನ ಕೆಟ್ಟಿತು ಎಂದುಕೊಳ್ಳುತ್ತ.

ಶಾರ್ಜಾದಲ್ಲಿ ಪೊನ್ನಪ್ಪ ಎರಡೂ ಕೈ ಎತ್ತಿ, ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ ಅವನ ಹೆಸರು ಕೂಗುತ್ತ ಓಡಿಬಂದ. ಹಾಲಸಿದ್ದಪ್ಪನ ಬಾಯಿಂದ ಮಾತು ಹೊರಡುವ ಮೊದಲೇ ತಲೆಯೊಳಗೆ ಬರೆದಾಗಿತ್ತು: ಎದೆ ನಲವತ್ತೊಂದು, ಸೊಂಟ ಮೂವತ್ತೊಂಬತ್ತು.

ಮೂವತ್ತೆಂಟಿದ್ದವನು ನಲವತ್ತೊಂದಾಗಿ ಕಾಣುತ್ತಿದ್ದಾನೆ ಅಂದರೆ ಕಣ್ಣು ಪೂರಾ ಮುಗಿಯಿತು. ಗೆಳೆಯ ಅಪ್ಪಿಕೊಂಡಾಗ ತೋಳು ಅವನ ಬೆನ್ನಿನ ಸುತ್ತ ಸಾಲದೆ ಬಂತು. ಅದನ್ನೂ ಅವನು ತನ್ನ ತೋಳಿನ ಲೆಕ್ಕಕ್ಕೇ ಹಾಕಿಕೊಂಡ. ವಯಸ್ಸಾದರೆ ತೋಳೂ ಕುಗ್ಗುತ್ತವೆಯೋ ಏನೋ. ಆದರೂ ಹನ್ನೆರಡು ವರ್ಷದ ಮೇಲೆ ಕಂಡ ಮುಖ, ಅದೇ ಮೀಸೆ, ಅದೇ ಗಂಟಲು. ಖುಷಿಗೆ ಕಣ್ಣಲ್ಲಿ ನೀರು ಬಂತು.

ಚಂಪಾ ಅಕ್ಕಿ ರೊಟ್ಟಿ, ಎಣ್ಣೆಗಾಯಿ ಮಾಡಿ, ಜೇನುತುಪ್ಪ ತೆಗೆದಿಟ್ಟು ಕಾದಿದ್ದಳು. ಊಟವಾದದ್ದೇ ಪೊನ್ನಪ್ಪ ಕೋಟು ತೊಟ್ಟ. ಭುಜ ಕೂತಿತು, ತೋಳು ಕೂತಿತು, ಕಾಲರು ಕತ್ತಿಗೆ ಅಂಟಿಕೊಂಡಿತು. ಗುಂಡಿಗೂ ಕಾಜಾಕ್ಕೂ ನಡುವೆ ಮಾತ್ರ ನಾಲ್ಕು ಬೆರಳಿನ ಬಯಲು ಉಳಿಯಿತು. ಪೊನ್ನಪ್ಪ ಉಸಿರು ಒಳಗೆಳೆದ. ಮೂರು ಬೆರಳಾಯಿತು. ಇನ್ನೂ ಎಳೆದ. ಮುಖ ಟೊಮೇಟೊ ಹಣ್ಣಾಯಿತು, ಬಯಲು ಹಾಗೇ ಇತ್ತು.

ಈಗ ಬಟನ್ ಯಾರು ಹಾಕುತ್ತಾರೆ ಮಾರಾಯ, ತೆರೆದುಕೊಂಡು ಹೋಗುವುದೇ ಫ್ಯಾಷನ್ನು, ಕೋಟು ಬೊಂಬಾಟಾಗಿದೆ ಎಂದು ಪೊನ್ನಪ್ಪ ಅವಸರ ಅವಸರವಾಗಿ ಹೇಳಿದ. ಚಂಪಾ ಏನೋ ಹೇಳಲು ಬಾಯಿ ತೆರೆದಳು. ಗಂಡ ಅವಳ ಕಡೆ ಒಂದು ನೋಟ ಬಿಟ್ಟ. ಅವಳು ಪಾತ್ರೆ ಎತ್ತಿಕೊಂಡು ಅಡಿಗೆಮನೆಗೆ ಹೋಗಿಬಿಟ್ಟಳು.

ಟೇಪು ಹಾಲಸಿದ್ದಪ್ಪನ ಚೀಲದಲ್ಲಿಯೇ ಇತ್ತು. ತೆಗೆದು ಒಂದು ಸುತ್ತು ಹಾಕಿದ್ದರೆ ಅಲ್ಲೇ ಸತ್ಯ ಹೊರಬೀಳುತ್ತಿತ್ತು. ಯಾಕೆ ತೆಗೆಯಲಿಲ್ಲ ಅನ್ನುತ್ತೀರಾ? ಹೆದರಿಕೆ. ಟೇಪು ಮೂವತ್ತೆಂಟು ಎಂದು ಹೇಳಿಬಿಟ್ಟರೆ ಕಣ್ಣಿನ ಜೊತೆ ಕೈಯೂ ಹೋಯಿತು ಎಂದು ಖಾತ್ರಿಯಾಗುತ್ತದೆ. ಖಾತ್ರಿಯಾಗದೆ ಒಂದು ದಿನ ಕಳೆಯಲಿ ಎಂದು ಆಸೆಪಟ್ಟ. ಉಡಿದಾರದ ಕೀಲಿಯನ್ನು ಅಂಗಿಯ ಮೇಲಿಂದಲೇ ಒಮ್ಮೆ ಮುಟ್ಟಿ ನೋಡಿಕೊಂಡ.

ಸಂಜೆ ಊರು ತೋರಿಸಲು ಹೊರಟರು. ನಾಗಪುರದ ಮೇ ತಿಂಗಳು ಕಂಡವನಿಗೆ ಶಾರ್ಜಾದ ನವೆಂಬರ್ ಹವೆ ತವರುಮನೆಯಂತಿತ್ತು. ಸಮುದ್ರ ಊರೊಳಗೆ ಚಾಚಿಕೊಂಡ ಖಾರಿಯ ದಂಡೆಯಲ್ಲಿ ಬೆಂಚಿನ ಮೇಲೆ ಕೂತು, ನೀರು ಬಾಳ ಐತಿ, ಆದರ ಗಾಳಿ ನಮ್ಮ ಫುಟಾಳಾದ್ದ ಚಲೋ ಎಂದು ತೀರ್ಪು ಕೊಟ್ಟ. ಎತ್ತರದ ಕಟ್ಟಡಗಳನ್ನು ಪೊನ್ನಪ್ಪ ಬೆರಳು ಮಾಡಿ ತೋರಿಸಿದರೆ ಇವನು ಕೆಳಗೆ ನಡೆದಾಡುವವರ ಬಿಳಿ ನಿಲುವಂಗಿಗಳನ್ನು ನೋಡುತ್ತಿದ್ದ. ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಒಂದು ಸುಕ್ಕಿಲ್ಲ, ಹೊಲಿಗೆ ಎಲ್ಲಿದೆ ಎಂದು ಹುಡುಕಬೇಕು. ಒಬ್ಬ ಹಿರಿಯರ ಬೆನ್ನ ಹಿಂದೆ ಹತ್ತು ಹೆಜ್ಜೆ ಹೋಗಿಯೇಬಿಟ್ಟ. ಪೊನ್ನಪ್ಪ ಕೈ ಹಿಡಿದು ಎಳೆದುಕೊಂಡು ಬರಬೇಕಾಯಿತು. ನಲವತ್ನಾಲ್ಕು, ಐವತ್ತೆಂಟು ಉದ್ದ ಎಂದು ತಲೆ ಲೆಕ್ಕ ಹೇಳುತ್ತಲೇ ಇತ್ತು. ಸುಮ್ಮನಿರು, ನಿನ್ನ ಲೆಕ್ಕ ನಂಬಿ ಪ್ರಿನ್ಸಿಪಾಲರ ಪ್ಯಾಂಟು ಕೆಟ್ಟಿತು ಎಂದು ಅದನ್ನು ಗದರಿಸಿದ. ಆದರೂ ಇಬ್ಬರೂ ಬಾಯಿತುಂಬ ನಕ್ಕರು, ಹಳೆಯ ಭಾನುವಾರಗಳನ್ನೆಲ್ಲ ಒಂದೊಂದಾಗಿ ತೆಗೆದು ಕೂತರು. ಸುಟ್ಟ ತೆನೆಯೊಂದು ಸಿಕ್ಕಿದ್ದರೆ ಅಲ್ಲಿಗೆ ಸ್ವರ್ಗ.

ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ ಕೋಣೆಯ ಬಾಗಿಲು ಹಾಕಿಕೊಂಡು ಹಾಲಸಿದ್ದಪ್ಪ ಧೈರ್ಯ ಮಾಡಿದ. ಗೆಳೆಯನನ್ನು ಅಳೆಯಲು ಹೆದರಿಕೆಯಾದರೆ ಕೋಟನ್ನಾದರೂ ಅಳೆಯೋಣ. ಹಾಸಿಗೆಯ ಮೇಲೆ ಕೋಟು ಹರಡಿ ಟೇಪು ಹಿಡಿದ. ಎದೆ ಸರಿ. ಸೊಂಟ ಸರಿ. ಮತ್ತೊಮ್ಮೆ ಹಿಡಿದ. ಒಂದು ನೂಲಿನ ಎಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಮೂವತ್ತೆಂಟು ಎದೆಯ, ಮೂವತ್ನಾಲ್ಕು ಸೊಂಟದ ಮನುಷ್ಯನಿಗೆ ಈ ಕೋಟು ಅಚ್ಚಿನಲ್ಲಿ ಎರೆದ ಹಾಗೆ ಕೂರುತ್ತಿತ್ತು. ಅಂಥ ಮನುಷ್ಯ ಈ ಮನೆಯಲ್ಲಿ ಇರಲಿಲ್ಲ, ಅಷ್ಟೇ.

ಮೊದಲು ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಮರುಗಳಿಗೆ ಸಿಟ್ಟು ನೆತ್ತಿಗೇರಿತು. ಟೇಪನ್ನು ಕೊರಳಿಗೆ ಹಾಕಿಕೊಂಡು ಹೊರಗೆ ಬಂದ.

ಪೊನ್ನಪ್ಪ ಬನಿಯನ್ನಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಟೇಪು ನೋಡಿದ್ದೇ ಕಪ್ಪು ಕೆಳಗಿಟ್ಟ. ಹಾಲಸಿದ್ದಪ್ಪ ಅವನ ಹೊಟ್ಟೆಯನ್ನೇ ನೋಡುತ್ತ ನಿಂತ. ಆ ನೋಟಕ್ಕೆ ಸೇನೆಯಲ್ಲಿ ಇಪ್ಪತ್ತು ವರ್ಷ ದುಡಿದವನು ಕರಗಿಹೋದ. ತಪ್ಪಾಯಿತು ಎಂದ. ಊಟದ ದಿನದೊಳಗೆ ಹೊಟ್ಟೆ ಇಳಿಸಿಬಿಡುತ್ತೇನೆ ಎಂದು ಲೆಕ್ಕ ಹಾಕಿದ್ದನಂತೆ, ಮೂರು ತಿಂಗಳು ಪಾರ್ಕಿನ ಸುತ್ತ ಓಡಿದ್ದನಂತೆ. ಓಡಿದ್ದು ಎರಡು ವಾರ, ಆಮೇಲೆ ಪಾರ್ಕಿನ ಬಳಿಯ ಪರೋಟದ ಅಂಗಡಿ ಸಿಕ್ಕಿತು ಎಂದು ಚಂಪಾ ಒಳಗಿನಿಂದಲೇ ತಿದ್ದಿದಳು. ನನ್ನ ಅಳತೆ ಬದಲಾಗಿದೆ ಎಂದು ನಿನಗೆ ಹೇಳಲಿಕ್ಕೇ ನಾಚಿಕೆಯಾಯಿತು, ನಿನ್ನ ಪುಸ್ತಕದಲ್ಲಿ ನಾನು ಮೂವತ್ತೆಂಟಾಗಿಯೇ ಇರಲಿ ಅನ್ನಿಸಿತು ಎಂದ ಪೊನ್ನಪ್ಪ. ಕಾರ್ಪೊರಲ್ ಆಗಿದ್ದಾಗಿನ ಜಂಬ ಅಷ್ಟು ಸುಲಭಕ್ಕೆ ಹೋಗುತ್ತದೆಯೇ?

ಆಗ ಹಾಲಸಿದ್ದಪ್ಪ ಅಂಗಡಿಯ ಕೀಲಿಯ ಸಂಗತಿ ಹೇಳಿದ. ಈ ಕೋಟಿನ ಮೇಲೆ ಏನು ಕಟ್ಟಿ ಬಂದಿದ್ದೇನೆ, ನಿನ್ನೆಯಿಂದ ಏನು ಅನುಭವಿಸುತ್ತಿದ್ದೇನೆ ಎಲ್ಲ ಹೇಳಿದ. ಕೇಳುತ್ತ ಕೇಳುತ್ತ ಪೊನ್ನಪ್ಪನ ಮುಖ ಸಪ್ಪಗಾಯಿತು.

“ಎಂಥ ಕೆಲಸ ಮಾಡಿದೆ ನಾನು ಮಾರಾಯ. ನಿನ್ನ ಕಣ್ಣಿಗೆ ನೀನೇ ಬೈದುಕೊಳ್ಳುವ ಹಾಗೆ ಮಾಡಿದೆನಲ್ಲ. ತಕೋ, ಈಗ ಅಳತೆ ನಿಜ ಹೇಳುತ್ತೇನೆ.”

“ನೀ ಹೇಳಬ್ಯಾಡ. ನಾ ಹೇಳ್ತೀನಿ. ನಿನ್ನೆ ನೀ ಕೈ ಎತ್ತಿ ಓಡಿ ಬಂದಾಗಿಂದ ನನ್ನ ತಲ್ಯಾಗ ಕುಂತೈತಿ. ಎದಿ ನಲವತ್ತೊಂದು, ಸೊಂಟ ಮೂವತ್ತೊಂಬತ್ತು. ತಂಗೀ ಚಂಪಾ, ಟೇಪ ನೀನ ಹಿಡಿ. ನಾ ಮುಟ್ಟಂಗಿಲ್ಲ.”

ಚಂಪಾ ಕೈ ಒರೆಸಿಕೊಂಡು ಬಂದು ಟೇಪು ಹಿಡಿದಳು. ಎದೆಗೆ ಸುತ್ತಿ ಓದಿದಳು, ನಲವತ್ತೊಂದು. ಸೊಂಟಕ್ಕೆ ಸುತ್ತಿದಳು. ಉಸಿರು ಎಳೆಯಬೇಡಿ ಎಂದು ಗಂಡನ ಹೊಟ್ಟೆಗೆ ಒಂದು ತಟ್ಟು ತಟ್ಟಿದಳು. ಮೂವತ್ತೊಂಬತ್ತು.

ಹಾಲಸಿದ್ದಪ್ಪ ಕುರ್ಚಿಯ ಮೇಲೆ ಕೂತು ಮುಖ ಮುಚ್ಚಿಕೊಂಡ. ಅಳುತ್ತಿದ್ದಾನೆ ಎಂದು ಗಂಡಹೆಂಡತಿ ಹೆದರಿದರು. ನಗುತ್ತಿದ್ದ. ಹೊಟ್ಟೆ ಹಿಡಿದುಕೊಂಡು, ಭುಜ ಕುಣಿಸಿಕೊಂಡು, ಪ್ರಿನ್ಸಿಪಾಲರ ಪ್ಯಾಂಟಿನಿಂದ ಈಚೆಗೆ ನಗದೆ ಉಳಿದ ನಗುವನ್ನೆಲ್ಲ ಒಟ್ಟಿಗೆ ನಕ್ಕ. ಅಷ್ಟು ಸಂತೋಷ ಅವನಿಗೆ ಎಷ್ಟೋ ಕಾಲದಿಂದ ಆಗಿರಲಿಲ್ಲ.

ನಗು ಮುಗಿದ ಮೇಲೆ ಕೆಲಸ ನೆನಪಾಯಿತು. ಊಟ ಸಂಜೆ ಏಳಕ್ಕೆ. ಕೋಟಿನೊಳಗೆ ಒಂದೊಂದು ಹೊಲಿಗೆಗೂ ಎರಡೆರಡು ಬೆರಳು ಬಟ್ಟೆ ಇದೆ, ಎರಡು ಪಕ್ಕ ಮತ್ತು ಬೆನ್ನು ಬಿಚ್ಚಿದರೆ ಐದು ಇಂಚು ಸಿಗುತ್ತದೆ. ಆದರೆ ಕತ್ತರಿ ನಾಗಪುರದಲ್ಲಿ. ಅಡಿಗೆಮನೆಯ ಕತ್ತರಿಯನ್ನು ಚಂಪಾ ತಂದರೆ ಇವನು ಅದರ ಮುಖವನ್ನೂ ನೋಡಲಿಲ್ಲ.

ಹಿಂದಿನ ಓಣಿಯಲ್ಲಿ ಒಂದು ದರ್ಜಿ ಅಂಗಡಿಯಿತ್ತು. ಅಲ್ಲಿಯ ಮಾಸ್ಟರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವನು, ಬಿಳಿ ಗಡ್ಡ, ಹಣೆಯ ಮೇಲೇರಿಸಿದ ಕನ್ನಡಕ. ಹಾಲಸಿದ್ದಪ್ಪ ಹಿಂದಿಯಲ್ಲಿ ಸಂಗತಿ ಹೇಳಿದ. ಮಾಸ್ಟರು ಮಷೀನು ಕೊಡಲು ಒಪ್ಪಿದ, ಇಸ್ತ್ರಿ ಕೊಡಲು ಒಪ್ಪಿದ. ಕತ್ತರಿ ಎಂದ ಕೂಡಲೇ ತಲೆ ಅಲ್ಲಾಡಿಸಿ, ಹೊಲಿಗೆ ಬಿಚ್ಚಲು ಒಂದು ಬ್ಲೇಡು ಮುಂದೆ ಸರಿಸಿದ. ಪೊನ್ನಪ್ಪನಿಗೆ ಸಿಟ್ಟು ಬಂತು. ಹಾಲಸಿದ್ದಪ್ಪ ಅವನ ತೋಳು ಹಿಡಿದು ಕೂರಿಸಿದ. ಅವನ ಜಾಗದಲ್ಲಿ ತಾನಿದ್ದರೂ ಕೊಡುತ್ತಿರಲಿಲ್ಲ.

ಬ್ಲೇಡಿನಿಂದಲೇ ಒಂದೊಂದು ಹೊಲಿಗೆಯಾಗಿ ಬಿಚ್ಚತೊಡಗಿದ. ಮಾಸ್ಟರು ತನ್ನ ಕೆಲಸ ಮಾಡುತ್ತಲೇ ಓರೆಗಣ್ಣಲ್ಲಿ ನೋಡುತ್ತಿದ್ದ. ಒಳಪದರದ ಅಸ್ತರು ಸರಿದು ಪಕ್ಕದ ಹೊಲಿಗೆ ಬಾಯಿ ಬಿಟ್ಟಾಗ ಒಳಗೆ ಮಡಚಿಟ್ಟ ಎರಡು ಬೆರಳು ಬಟ್ಟೆ ಹೊರಗೆ ಬಂತು, ಅಂಚಿಗೆಲ್ಲ ಕೈಹೊಲಿಗೆ ಹಾಕಿ, ಒಂದು ಎಳೆ ಬಿಚ್ಚಿಕೊಳ್ಳದ ಹಾಗೆ ಕಟ್ಟಿಟ್ಟದ್ದು. ಮಾಸ್ಟರು ಮಷೀನು ನಿಲ್ಲಿಸಿದ. ಕನ್ನಡಕ ಕಣ್ಣಿಗಿಳಿಸಿ ಬಂದು ಆ ಬಟ್ಟೆಯನ್ನು ಬೆರಳಲ್ಲಿ ಸವರಿದ. ಈಗ ಇಷ್ಟು ಯಾರು ಬಿಡುತ್ತಾರೆ ಎಂದು ಕೇಳಿದ. ನಮ್ಮ ಮಾವ ಬಿಡುತ್ತಿದ್ದರು ಎಂದ ಹಾಲಸಿದ್ದಪ್ಪ. ಮಾಸ್ಟರು ತನ್ನ ಮೇಜಿಗೆ ಹೋಗಿ ಕತ್ತರಿ ತಂದ. ಕೈಗೆ ಕೊಡಲಿಲ್ಲ. ಹಿಡಿ ಹಾಲಸಿದ್ದಪ್ಪನ ಕಡೆಗೆ ಬರುವ ಹಾಗೆ ಕೋಟಿನ ಪಕ್ಕದಲ್ಲಿ ಇಟ್ಟ.

ಮೂರು ದಿನದ ಪ್ರವಾಸದಲ್ಲಿ ಹಾಲಸಿದ್ದಪ್ಪ ಎಲ್ಲಕ್ಕಿಂತ ಸುಖವಾಗಿದ್ದದ್ದು ಆ ನಾಲ್ಕು ಗಂಟೆ ಹೊತ್ತು. ಕತ್ತರಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತಿತ್ತು. ಅಸ್ತರಿಗೆ ಒಂದು ಪಟ್ಟಿ ಕಡಿಮೆ ಬಿತ್ತು, ಮಾಸ್ಟರು ಅದೇ ಬಣ್ಣದ ರೇಶಿಮೆ ಹುಡುಕಿ ಕೊಟ್ಟ. ಇಬ್ಬರೂ ಬಿಳಿ ನಿಲುವಂಗಿಯ ಹೊಲಿಗೆ ಎಲ್ಲಿ ಅಡಗುತ್ತದೆ ಎಂಬುದನ್ನು ಗಂಟೆಗಟ್ಟಲೆ ಚರ್ಚೆ ಮಾಡಿದರು. ಶಾರ್ಜಾದ ವಸ್ತುಸಂಗ್ರಹಾಲಯ ನೋಡುವುದು ಬಿಟ್ಟುಹೋಯಿತು ಎಂದು ಪೊನ್ನಪ್ಪ ಒಬ್ಬನೇ ಪೇಚಾಡುತ್ತ, ಸ್ಟೂಲಿನ ಮೇಲೆ ಕೂತು ಇಬ್ಬರಿಗೂ ಚಹಾ ತರಿಸಿದ. ಇಸ್ತ್ರಿಯಾದ ಮೇಲೆ ಅವನನ್ನು ಎಬ್ಬಿಸಿ ಕೋಟು ತೊಡಿಸಿದರು. ಗುಂಡಿ ತಾನಾಗಿ ಕಾಜಾದೊಳಗೆ ಹೋಗಿ ಕೂತಿತು. ಪೊನ್ನಪ್ಪ ಧಾರಾಳವಾಗಿ ಉಸಿರು ಬಿಟ್ಟ.

ಸಂಜೆಯ ಊಟದಲ್ಲಿ ಅಧ್ಯಕ್ಷರ ಭಾಷಣ ಎರಡು ನಿಮಿಷ ಆಯಿತು, ಅಧ್ಯಕ್ಷರ ದರ್ಜಿಯ ಕಥೆ ಅರ್ಧ ಗಂಟೆ. ಪೊನ್ನಪ್ಪ ತನ್ನ ಸುಳ್ಳನ್ನು ತಾನೇ ಎಲ್ಲರ ಮುಂದೆ ಬಿಚ್ಚಿ ಹೇಳಿದ, ಇನ್ನಷ್ಟು ಉಪ್ಪುಖಾರ ಹಚ್ಚಿಯೇ ಹೇಳಿದ. ಆಮೇಲೆ ಸಾಲು ನಿಂತರು ನೋಡಿ. ನಿವೃತ್ತ ಸಾರ್ಜೆಂಟರು, ವಾರಂಟ್ ಆಫೀಸರುಗಳು, ಒಬ್ಬೊಬ್ಬರಾಗಿ ಎದುರು ಬಂದು ನಿಲ್ಲುವುದು, ಹಾಲಸಿದ್ದಪ್ಪ ಎದೆ ಸೊಂಟ ಹೇಳುವುದು, ಚಂಪಾ ಟೇಪು ಹಿಡಿದು ಹೌದು ಅನ್ನುವುದು. ಹದಿನೇಳು ಮಂದಿಯಲ್ಲಿ ಒಬ್ಬರದೂ ತಪ್ಪಲಿಲ್ಲ. ಒಬ್ಬರ ಹೆಂಡತಿ ಮಾತ್ರ, ನನ್ನ ಗಂಡನದು ಮೆಲ್ಲಗೆ ಹೇಳಿ ಎಂದು ಕೇಳಿಕೊಂಡಳು. ಆರು ಜನ ಅಲ್ಲಿಯೇ ಬ್ಲೇಜರ್ ಬೇಕು ಎಂದು ಹಟ ಹಿಡಿದರು. ಹಾಲಸಿದ್ದಪ್ಪ ಅಳತೆ ಬರೆದುಕೊಂಡ, ಹೊಲಿಯುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಊರಿಗೆ ಹೋಗಿ ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದ.

ಯಾಕೆಂದರೆ ಮಾತು ಮಾತೇ. ಒಯ್ದ ಕೋಟು ಕೂರಲಿಲ್ಲ. ಬಿಚ್ಚಿ ಹೊಲಿದ ಮೇಲೆ ಕೂತಿತು, ಅದು ಬೇರೆ. ತಪ್ಪು ಯಾರದಾದರೂ ಇರಲಿ, ಸುಶೀಲಾಬಾಯಿಗೆ ಕೊಟ್ಟ ಮಾತಿನಲ್ಲಿ ಅದಕ್ಕೆಲ್ಲ ಜಾಗ ಇರಲಿಲ್ಲ. ಫೋನಿನಲ್ಲಿ ಹೇಳುವ ಸಂಗತಿಯಲ್ಲ ಎಂದು ಅವಳಿಗೆ ಏನೂ ತಿಳಿಸಿರಲಿಲ್ಲ. ಭಾನುವಾರ ವಿಮಾನದಲ್ಲಿ ಕೂತು ಅವನು ಉಡಿದಾರದ ಗಂಟು ಬಿಚ್ಚಿ ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಆರು ಜನರ ಅಳತೆಯ ಚೀಟಿಯೂ ಅದೇ ಜೇಬಿನಲ್ಲಿತ್ತು. ಕಣ್ಣು ಹೋಗಿಲ್ಲ ಎಂದು ಗೊತ್ತಾದ ಮೇಲೆ ಅಂಗಡಿ ಬಿಡುವುದು ಇನ್ನೂ ಕಷ್ಟವಾಗಿತ್ತು. ಆದರೆ ಮನಸ್ಸಿನಲ್ಲಿ ಕಹಿ ಇರಲಿಲ್ಲ. ಹೋಗುವಾಗ ಸೋತವನಾಗಿ ಹೋಗಿದ್ದೆ, ಈಗ ಗೆದ್ದು ಅಂಗಡಿ ಬಿಡುತ್ತಿದ್ದೇನೆ ಎಂದುಕೊಂಡ.

ನಾಗಪುರದಲ್ಲಿ ಸಂಜೆ ಬಿಸಿಲು ಇನ್ನೂ ಇತ್ತು. ಗಾಜಿನ ಬಾಗಿಲಿನ ಹೊರಗೆ ಸುಶೀಲಾಬಾಯಿ ಬಿಟ್ಟ ಜಾಗದಲ್ಲೇ ನಿಂತಿದ್ದಳು, ಕರವಸ್ತ್ರದ ಗಂಟು ಎದೆಗೆ ಒತ್ತಿಕೊಂಡು. ಕೋಟು ಕೂತಿತೇ ಎಂದು ಅವಳು ಕೇಳಲಿಲ್ಲ. ಅವನೇ ಹೇಳಿದ. ಕೂಡಲಿಲ್ಲ ಎಂದು ಮೊದಲು ಹೇಳಿ, ಆಮೇಲೆ ಉಳಿದದ್ದೆಲ್ಲ ಹೇಳಿ, ಜೇಬಿನಿಂದ ಕೀಲಿ ತೆಗೆದು ಅಂಗೈಯಲ್ಲಿ ಹಿಡಿದ.

ಅವಳು ಕೀಲಿ ಮುಟ್ಟಲಿಲ್ಲ. ಗಂಟನ್ನು ಕಟಾಂಜನದ ಮೇಲಿಟ್ಟು, ಮೊದಲ ನಿಮ್ಮ ಸಾಮಾನು ತಗೊಳ್ರಿ ಎಂದಳು. ಹಾಲಸಿದ್ದಪ್ಪ ಕರವಸ್ತ್ರ ಬಿಡಿಸಿದ. ಕತ್ತರಿ ಥಳಥಳ ಹೊಳೆಯಿತು. ಹೆಬ್ಬೆರಳನ್ನು ಅಲಗಿನ ಮೇಲೆ ಅಡ್ಡಕ್ಕೆ ಸವರಿ ನೋಡಿದ. ಸಾಣೆ ಯಾವಾಗ ಹಿಡಿಸಿದೆ ಎಂದು ಕೇಳಿದ.

“ಶುಕ್ರವಾರನ. ನೀವು ಒಳಗ ಹೋದ ಮ್ಯಾಲೆ ಇಲ್ಲಿಂದ ಸೀದಾ ಇತವಾರಿ ಪ್ಯಾಟಿಗೆ ಹೋಗಿ ಸಾಣಿ ಹಿಡಿಸಿಕೊಂಡು ಬಂದೆ. ಕೈಯಾಗ ತಗೊಂಡ ಕೂಡ್ಲೇ ತಿಳೀತು, ನನ್ನ ಈಳಿಗಿ ಇದಕ್ಕಿಂತ ಚೂಪ ಐತಿ ಅಂತ. ಮೊಂಡ ಕತ್ತರಿಲೆ ಅರಿಬಿ ಸರಕೋತ ಹೋಗ್ತೈತಿ. ನೀವು ಕಣ್ಣಿಗೆ ಯಾಕ ಬೈಕೋತ ಕುಂತಿದ್ರಿ?”

ಪೊನ್ನಪ್ಪನ ಕೋಟು ಕೂತಿತೋ ಇಲ್ಲವೋ ಯಾರಿಗೂ ಗೊತ್ತಾಗುವ ಮೊದಲೇ ಅವಳು ಹೋಗಿ ಬಂದಿದ್ದಳು. ಅಂಗಡಿ ಬಿಡಿ ಎಂದು ದಿನವೂ ಹೇಳುತ್ತಿದ್ದವಳು. ಹಾಗಾದರೆ ಕೀಲಿ ಎಂದು ಹಾಲಸಿದ್ದಪ್ಪ ಮೆಲ್ಲಗೆ ಕೇಳಿದ. ನನ್ನ ಕೈಯಾಗ ಇಟ್ಟಂಗ ಆತು, ಈಗ ನಾ ಹೇಳ್ತೀನಿ, ಕಟ್ಟಿಕೋರಿ ಎಂದಳು. ಅವನು ಅಲ್ಲಿಯೇ, ಜನರ ನಡುವೆ, ಅಂಗಿ ಎತ್ತಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಅದಕ್ಕಾಗಿ ಅವನು ಕಟಾಂಜನದ ಮೇಲಿಟ್ಟ ಕತ್ತರಿಯನ್ನು ಸುಶೀಲಾಬಾಯಿ ಎತ್ತಿಕೊಂಡು ಮುಂದೆ ನಡೆದು ಆಟೋದವನ ಜೊತೆ ಸದರ್ ಅಂಗಡಿ ಮೇಲೆ ಹಾಯ್ದು ಮಹಾಲ್‌ಗೆ ಎಂದು ಮಾತಾಡತೊಡಗಿದಳು, ಅವನು ಕತ್ತರಿಯನ್ನು ವಾಪಸ್ಸು ಕೇಳಲಿಲ್ಲ.